ಎಚ್‌ಪಿ ಒಂದನ್ನೇ ನೋಡಿ ಟ್ರ್ಯಾಕ್ಟರ್ ತಗೋಬೇಡಿ: ಕಬ್ಬಿನ ಟ್ರೇಲರ್‌ಗೆ ದೊಡ್ಡ ಇಂಜಿನ್ ಆರಿಸುವ ಮುನ್ನ ಇಷ್ಟು ತಿಳ್ಕೊಳ್ಳಿ

ಕಬ್ಬಿನ ಸೀಸನ್ ಹತ್ತಿರ ಬಂದರೆ ಮುಧೋಳ, ಜಮಖಂಡಿ, ಮಹಾಲಿಂಗಪುರ, ಬೀಳಗಿ ಕಡೆ ಟ್ರ್ಯಾಕ್ಟರ್ ಶೋರೂಂಗಳ ಮುಂದೆ ಜನ ಸೇರುತ್ತಾರೆ. ಹಳೆಯ 40 ಎಚ್‌ಪಿ ಇಂಜಿನ್ ಕೊಟ್ಟು 50 ಅಥವಾ 55 ಎಚ್‌ಪಿ ತರುವ ಲೆಕ್ಕಾಚಾರ ಶುರುವಾಗುತ್ತದೆ. ಕಾರಣ ಒಂದೇ: ಈಗ ಒಂದು ಟ್ರೇಲರ್ ಎಳೆಯುವವರಿಗೆ ಎರಡು ಎಳೆಯಬೇಕು, ಎಂಟು ಟನ್ ತುಂಬುವವರಿಗೆ ಹನ್ನೆರಡು ಟನ್ ತುಂಬಬೇಕು.

ಶೋರೂಂನಲ್ಲಿ ಎಲ್ಲರೂ ಕೇಳುವ ಮೊದಲ ಪ್ರಶ್ನೆ ‘ಎಷ್ಟು ಎಚ್‌ಪಿ ಐತ್ರಿ?’. ಎರಡನೇದು ‘ಡೌನ್‌ಪೇಮೆಂಟ್ ಎಷ್ಟ್ರಿ?’. ಮೂರನೇ ಪ್ರಶ್ನೆಯನ್ನು ಕೇಳುವವರು ಕಡಿಮೆ. ಆ ಪ್ರಶ್ನೆ ಇದು: ‘ತುಂಬಿದ ಟ್ರೇಲರ್ ಹಿಂದೆ ಇದ್ದಾಗ ಈ ಇಂಜಿನ್ ನಿಲ್ಲತೈತೇನ್ರಿ?’

ಎಳೆಯೋದು ಬೇರೆ, ನಿಲ್ಲಿಸೋದು ಬೇರೆ. ಸೀಸನ್‌ನಲ್ಲಿ ಪಲ್ಟಿ, ಹಿಂದಿನಿಂದ ಡಿಕ್ಕಿ, ಇಳಿಜಾರಿನಲ್ಲಿ ಕಂಟ್ರೋಲ್ ತಪ್ಪಿದ ಸುದ್ದಿಗಳು ಬಂದಾಗಲೆಲ್ಲ ತಪ್ಪು ಡ್ರೈವರ್ ತಲೆಗೆ ಹೋಗುತ್ತದೆ. ಆದರೆ ಎಷ್ಟೋ ಸಲ ತಪ್ಪು ನಡೆದಿರುವುದು ಟ್ರ್ಯಾಕ್ಟರ್ ಖರೀದಿಸಿದ ದಿನವೇ. ಅದು ಹೇಗೆ, ಖರೀದಿ ಮಾಡುವಾಗ ಏನು ನೋಡಬೇಕು ಎಂಬುದರ ವಿವರ ಇಲ್ಲಿದೆ.

ಸಮತಟ್ಟು ರಸ್ತೆ ಮೋಸ ಮಾಡುತ್ತೆ

‘ನಮ್ಮ 40 ಎಚ್‌ಪಿನೇ ಎರಡು ಟ್ರೇಲರ್ ಎಳಿತೈತಿ’ ಅನ್ನುವ ಮಾತು ಎಲ್ಲ ಊರಲ್ಲೂ ಕೇಳುತ್ತದೆ. ಅದು ಸುಳ್ಳಲ್ಲ. ಆದರೆ ಅರ್ಧ ಸತ್ಯ ಅಷ್ಟೇ.

ಒಂದು ಸರಳ ಲೆಕ್ಕ ನೋಡೋಣ. ಇಂಜಿನ್ ತೂಕ 2 ಟನ್ ಅಂತ ಇಟ್ಟುಕೊಳ್ಳಿ. 45-50 ಎಚ್‌ಪಿ ಟ್ರ್ಯಾಕ್ಟರ್‌ಗಳು ಹೆಚ್ಚುಕಡಿಮೆ ಇಷ್ಟೇ ತೂಗುತ್ತವೆ. ನಾಲ್ಕು ಗಾಲಿಯ ಖಾಲಿ ಟ್ರೇಲರ್ 2 ಟನ್, ಅದರಲ್ಲಿ ಕಬ್ಬು 10 ಟನ್. ಎಲ್ಲ ಸೇರಿ 14 ಟನ್. ಎರಡು ಟ್ರೇಲರ್ ಕಟ್ಟಿದರೆ 26 ಟನ್.

ಒಳ್ಳೆಯ ಡಾಂಬರ್ ರಸ್ತೆಯಲ್ಲಿ, ಸಮತಟ್ಟು ಜಾಗದಲ್ಲಿ ಗಾಲಿ ಉರುಳಿಸಲು ಒಟ್ಟು ತೂಕದ ನೂರಕ್ಕೆ ಸುಮಾರು 1.8 ಭಾಗದಷ್ಟು ಎಳೆತ ಸಾಕು. ಅಂದರೆ ಒಂದು ಟ್ರೇಲರ್‌ಗೆ 250 ಕೆಜಿ ಎಳೆತ, ಎರಡಕ್ಕೆ 470 ಕೆಜಿ. ಇದು ಯಾವ ಟ್ರ್ಯಾಕ್ಟರ್‌ಗೂ ದೊಡ್ಡ ಮಾತಲ್ಲ. ಅದಕ್ಕೇ 26 ಟನ್ ಕೂಡ ಸಲೀಸಾಗಿ ಹೊರಟುಬಿಡುತ್ತದೆ. ಮಾಲೀಕನಿಗೆ ‘ನಡೀತದ’ ಅನ್ನಿಸುತ್ತದೆ.

ಈಗ ಏರು ಬಂತು ಅಂದ್ಕೊಳ್ಳಿ. ಸೇತುವೆ ಏರಿನ ಹಾಗೆ 20 ಅಡಿ ಮುಂದೆ ಹೋದರೆ 1 ಅಡಿ ಮೇಲೇರುವ ರಸ್ತೆ. ಅಲ್ಲಿ ಒಟ್ಟು ತೂಕದ ಇಪ್ಪತ್ತನೇ ಒಂದು ಭಾಗ ಹಿಂದಕ್ಕೆ ಜಗ್ಗುತ್ತದೆ. 14 ಟನ್‌ಗೆ 700 ಕೆಜಿ, 26 ಟನ್‌ಗೆ 1,300 ಕೆಜಿ. ಉರುಳುವ ಎಳೆತವೂ ಸೇರಿದರೆ ಒಂದು ಟ್ರೇಲರ್‌ಗೆ 950 ಕೆಜಿ, ಎರಡಕ್ಕೆ 1,770 ಕೆಜಿ ಬೇಕು. ಸಮತಟ್ಟು ರಸ್ತೆಗಿಂತ ಸುಮಾರು ನಾಲ್ಕು ಪಟ್ಟು.

ಹತ್ತು ಎಚ್‌ಪಿ ಹೆಚ್ಚಾದರೆ ಸಿಗೋದೇನು?

ಇಂಜಿನ್‌ನ ಎಚ್‌ಪಿ ಪೂರ್ತಿ ಗಾಲಿಗೆ ಬರುವುದಿಲ್ಲ. ಗೇರ್ ಬಾಕ್ಸ್, ಹಿಂದಿನ ಎಕ್ಸೆಲ್ ಎಲ್ಲ ದಾಟುವಷ್ಟರಲ್ಲಿ ನೂರಕ್ಕೆ ಹದಿನೈದರಷ್ಟು ಕಳೆದುಹೋಗುತ್ತದೆ ಅಂತ ಹಿಡಿದರೆ 45 ಎಚ್‌ಪಿ ಇಂಜಿನ್‌ನಿಂದ ಗಾಲಿಗೆ ಸಿಗುವುದು 38 ಎಚ್‌ಪಿ. 55ರಿಂದ ಸಿಗುವುದು 47.

ಮೇಲೆ ಹೇಳಿದ ಏರಿನಲ್ಲಿ 950 ಕೆಜಿ ಎಳೆತ ಕೊಡುತ್ತಾ 45 ಎಚ್‌ಪಿ ಟ್ರ್ಯಾಕ್ಟರ್ ಗಂಟೆಗೆ ಸುಮಾರು 11 ಕಿ.ಮೀ ವೇಗದಲ್ಲಿ ಏರಬಲ್ಲದು. 55 ಎಚ್‌ಪಿ ಆದರೆ 13 ಕಿ.ಮೀ. ಅಷ್ಟೇ. ಹತ್ತು ಎಚ್‌ಪಿ ಹೆಚ್ಚಿಗೆ ತಗೊಂಡದ್ದಕ್ಕೆ ಏರಿನಲ್ಲಿ ಸಿಗುವುದು ಗಂಟೆಗೆ ಎರಡು ಕಿಲೋಮೀಟರ್.

ಎಚ್‌ಪಿ ಅಂದರೆ ಎಷ್ಟು ಬೇಗ ಕೆಲಸ ಮುಗಿಯುತ್ತದೆ ಎಂಬ ಲೆಕ್ಕ. ಎಷ್ಟು ಭಾರ ಜಗ್ಗಬಹುದು ಅನ್ನುವುದನ್ನು ತೀರ್ಮಾನಿಸುವುದು ಬೇರೆ ಎರಡು ಸಂಗತಿ: ಇಂಜಿನ್‌ನ ಟಾರ್ಕ್ ಮತ್ತು ಹಿಂದಿನ ಗಾಲಿ ನೆಲಕ್ಕೆ ಹಿಡಿಯುವ ಹಿಡಿತ.

ಟಾರ್ಕ್ ವಿಷಯದಲ್ಲಿ ಗರಿಷ್ಠ ಅಂಕಿಗಿಂತ ಅದು ಎಷ್ಟು ಆರ್‌ಪಿಎಂನಲ್ಲಿ ಸಿಗುತ್ತದೆ ಅನ್ನುವುದು ಮುಖ್ಯ. ಏರಿನಲ್ಲಿ ಇಂಜಿನ್ ಸದ್ದು ಇಳಿದಾಗಲೂ, ಅಂದರೆ ಆರ್‌ಪಿಎಂ ಬಿದ್ದಾಗಲೂ, ಬಂದ್ ಬೀಳದೆ ಜಗ್ಗಬೇಕು. ಅದಕ್ಕೆ ‘ಟಾರ್ಕ್ ಬ್ಯಾಕಪ್’ ಅಂತಾರೆ. ಅದು ಚೆನ್ನಾಗಿರುವ 45 ಎಚ್‌ಪಿ ಟ್ರ್ಯಾಕ್ಟರ್, ಅದು ಕಡಿಮೆ ಇರುವ 50 ಎಚ್‌ಪಿಗಿಂತ ಟ್ರೇಲರ್ ಕೆಲಸಕ್ಕೆ ವಾಸಿ.

ಇನ್ನೊಂದು ಮಾತು. ಕರಪತ್ರದಲ್ಲಿ ಪಿಟಿಒ ಎಚ್‌ಪಿ ಅಂತ ಬೇರೆ ಅಂಕಿ ಇರುತ್ತದೆ. ಅದು ರೋಟವೇಟರ್‌ನಂಥ ತಿರುಗುವ ಸಾಮಾನಿಗೆ. ಟ್ರೇಲರ್ ಎಳೆಯುವವರಿಗೆ ಬೇಕಾದದ್ದು ಡ್ರಾಬಾರ್ ಎಳೆತ, ಅಂದರೆ ಹುಕ್ ಹತ್ತಿರ ಎಷ್ಟು ಕೆಜಿ ಜಗ್ಗುತ್ತದೆ ಅನ್ನುವುದು. ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರ್ಕಾರದ ಪರೀಕ್ಷಾ ಸಂಸ್ಥೆಯಲ್ಲಿ ಟ್ರ್ಯಾಕ್ಟರ್‌ಗಳ ಪರೀಕ್ಷೆ ನಡೆಯುತ್ತದೆ. ಆ ವರದಿಯಲ್ಲಿ ಡ್ರಾಬಾರ್ ಎಳೆತ, ಬ್ರೇಕ್ ಪರೀಕ್ಷೆ ಎರಡೂ ಇರುತ್ತವೆ. ಡೀಲರ್ ಹತ್ತಿರ ‘ಟೆಸ್ಟ್ ರಿಪೋರ್ಟ್ ತೋರಿಸ್ರಿ’ ಅಂತ ಕೇಳುವುದು ಗಿರಾಕಿಯ ಹಕ್ಕು.

ತೂಕ ಇಲ್ಲದ ಟ್ರ್ಯಾಕ್ಟರ್‌ಗೆ ಬಲ ಇದ್ದೂ ಉಪಯೋಗ ಇಲ್ಲ

2 ಟನ್ ಟ್ರ್ಯಾಕ್ಟರ್‌ನ ಭಾರದಲ್ಲಿ ಸುಮಾರು 1,300 ಕೆಜಿ ಹಿಂದಿನ ಗಾಲಿಗಳ ಮೇಲಿರುತ್ತದೆ. ಒಣ ಡಾಂಬರ್ ಮೇಲೆ ಅದರ ನೂರಕ್ಕೆ 70ರಷ್ಟು ಹಿಡಿತ ಸಿಕ್ಕರೆ 900 ಕೆಜಿ. ಅದಕ್ಕಿಂತ ಹೆಚ್ಚು ಜಗ್ಗಲು ಹೋದರೆ ಗಾಲಿ ನಿಂತಲ್ಲೇ ತಿರುಗುತ್ತದೆ. ಏರಿನಲ್ಲಿ ಒಂದು ಟ್ರೇಲರ್‌ಗೇ 950 ಕೆಜಿ ಬೇಕು ಅಂತ ನೋಡಿದೆವು. ಅಂದರೆ ಇಂಜಿನ್‌ನಲ್ಲಿ ಬಲ ಉಳಿದಿರುವಾಗಲೇ ಹಿಡಿತ ಮುಗಿದಿರುತ್ತದೆ. ಎರಡು ಟ್ರೇಲರ್‌ಗೆ ಬೇಕಾದ 1,770 ಕೆಜಿಯಂತೂ ದೂರದ ಮಾತು.

ಎರೆ ಹೊಲದಲ್ಲಿ ಕಥೆ ಇನ್ನೂ ಬೇರೆ. ನೀರು ಹಾಯಿಸಿದ ಹೊಲದಲ್ಲಿ ಗಾಲಿ ಹೂತು ಉರುಳಲು ಬೇಕಾದ ಎಳೆತ ತೂಕದ ಹತ್ತನೇ ಒಂದು ಭಾಗ ದಾಟುತ್ತದೆ. 14 ಟನ್‌ಗೆ 1,400 ಕೆಜಿ. ಅದೇ ಹೊತ್ತಿಗೆ ಹಸಿ ಮಣ್ಣಿನಲ್ಲಿ ಹಿಡಿತ ಅರ್ಧಕ್ಕಿಳಿಯುತ್ತದೆ. ಹೊಲದಿಂದ ರಸ್ತೆಗೆ ಹತ್ತಿಸಲು ಎರಡು ಟ್ರ್ಯಾಕ್ಟರ್ ಕಟ್ಟುವುದು, ಜೆಸಿಬಿ ಕರೆಸುವುದು ಇದಕ್ಕೇ. 45 ಬಿಟ್ಟು 55 ಎಚ್‌ಪಿ ತಂದರೂ ಈ ಸಮಸ್ಯೆ ಬಗೆಹರಿಯುವುದಿಲ್ಲ, ತೂಕ ಮತ್ತು ಟೈರ್ ಬದಲಾಗದಿದ್ದರೆ.

ಹಾಗಾದರೆ ಏನು ನೋಡಬೇಕು?

ಮೊದಲನೆಯದು ಟ್ರ್ಯಾಕ್ಟರ್‌ನ ಸ್ವಂತ ತೂಕ. ಒಂದೇ ಎಚ್‌ಪಿಯ ಎರಡು ಮಾಡೆಲ್‌ಗಳ ನಡುವೆ ಇನ್ನೂರು, ಮುನ್ನೂರು ಕೆಜಿ ವ್ಯತ್ಯಾಸ ಇರುತ್ತದೆ. ಟ್ರೇಲರ್ ಕೆಲಸಕ್ಕೆ ಭಾರದ್ದನ್ನೇ ಆರಿಸಿ.

ಎರಡನೆಯದು ಹಿಂದಿನ ಟೈರ್. 13.6×28, 14.9×28, 16.9×28 ಅಂತ ಬರುತ್ತವೆ. ಮೊದಲ ಅಂಕಿ ಟೈರಿನ ಅಗಲ, ಇಂಚುಗಳಲ್ಲಿ. ದೊಡ್ಡ ಟ್ರೇಲರ್‌ಗೆ 14.9ಕ್ಕಿಂತ ಕಡಿಮೆ ಬೇಡ. ಹಿಂದಿನ ಟೈರಿನಲ್ಲಿ ಮುಕ್ಕಾಲು ಭಾಗ ನೀರು ತುಂಬಿಸಿದರೆ ಎರಡೂ ಸೇರಿ 300 ಕೆಜಿಗಿಂತ ಹೆಚ್ಚು ತೂಕ ಬರುತ್ತದೆ. ಖರ್ಚು ಹೆಚ್ಚೇನಿಲ್ಲ.

ಮೂರನೆಯದು ಫೋರ್ ವೀಲ್ ಡ್ರೈವ್. ನಾಲ್ಕೂ ಗಾಲಿ ಜಗ್ಗುವುದರಿಂದ ಟ್ರ್ಯಾಕ್ಟರ್‌ನ ಪೂರ್ತಿ ತೂಕ ಹಿಡಿತಕ್ಕೆ ಬರುತ್ತದೆ. ಎರೆ ಹೊಲದವರಿಗೆ ಇದರ ಲಾಭ ಕಣ್ಣಿಗೆ ಕಾಣುತ್ತದೆ. ಆದರೆ ಡಾಂಬರ್ ಮೇಲೆ ಸುಮ್ಮನೆ ಹಾಕಿಕೊಂಡೇ ಓಡಿಸಿದರೆ ಮುಂದಿನ ಟೈರ್ ಬೇಗ ಸವೆಯುತ್ತದೆ. ಹೊಲದಲ್ಲಿ ಮತ್ತು ಭಾರ ಹೇರಿಕೊಂಡು ಇಳಿಜಾರು ಇಳಿಯುವಾಗ ಹಾಕಬೇಕು, ಉಳಿದಂತೆ ತೆಗೆಯಬೇಕು.

ಮುಂದಿನ ಗಾಲಿ ಎತ್ತೋದು ಯಾಕೆ?

ಏರಿನಲ್ಲಿ ಕ್ಲಚ್ ಬಿಟ್ಟ ಕೂಡಲೇ ಮುಂದಿನ ಗಾಲಿ ಗಾಳಿಯಲ್ಲಿ ಎದ್ದ ದೃಶ್ಯ ಮೊಬೈಲ್‌ನಲ್ಲಿ ನೋಡಿ ನಗುವವರಿದ್ದಾರೆ. ಅದು ಪೂರ್ತಿ ಹಿಂದಕ್ಕೆ ಮಗುಚಿದರೆ ಡ್ರೈವರ್ ಸ್ಟೇರಿಂಗ್ ಕೆಳಗೆ ಸಿಕ್ಕಿಕೊಳ್ಳುತ್ತಾನೆ. ಜಿಗಿಯಲು ಎರಡು ಸೆಕೆಂಡು ಕೂಡ ಸಿಗುವುದಿಲ್ಲ.

ಇದಕ್ಕೆ ಕಾರಣ ಹುಕ್‌ನ ಎತ್ತರ. ಟ್ರೇಲರ್‌ನ ಜಗ್ಗಾಟ ಹಿಂದಿನ ಎಕ್ಸೆಲ್‌ಗಿಂತ ಕೆಳಗೆ ಇದ್ದರೆ ಮುಂದಿನ ಗಾಲಿ ನೆಲಕ್ಕೆ ಅಂಟಿಕೊಂಡೇ ಇರುತ್ತದೆ. ಹುಕ್ ಮೇಲೆ ಹೋದಷ್ಟೂ ಮುಂದಿನ ಭಾಗ ಎದ್ದೇಳುತ್ತದೆ. ಕೆಲವರು ಟ್ರೇಲರ್‌ನ ಮೂತಿ ಎತ್ತರ ಹೊಂದಲಿಲ್ಲ ಅಂತ ವೆಲ್ಡಿಂಗ್ ಅಂಗಡಿಯಲ್ಲಿ ಹುಕ್ ಮೇಲೆ ಹಾಕಿಸುತ್ತಾರೆ. ಕೆಲವರು ನೇಗಿಲು ಕಟ್ಟುವ ಲಿಂಕ್‌ಗೇ ಟ್ರೇಲರ್ ಸಿಕ್ಕಿಸುತ್ತಾರೆ. ಎರಡೂ ಅಪಾಯ. ಕಂಪನಿ ಕೊಟ್ಟ ಹುಕ್ ಅಥವಾ ಡ್ರಾಬಾರ್‌ಗೇ ಕಟ್ಟಬೇಕು. ಎತ್ತರ ಹೊಂದದಿದ್ದರೆ ಟ್ರೇಲರ್‌ನ ಮೂತಿ ಬದಲಿಸಬೇಕೇ ಹೊರತು ಇಂಜಿನ್‌ನ ಹುಕ್ ಅಲ್ಲ.

ಮುಂದಿನ ಬಂಪರ್‌ಗೆ ಕಂಪನಿಯ ತೂಕದ ಪ್ಲೇಟ್‌ಗಳು ಸಿಗುತ್ತವೆ. ಅವನ್ನು ಹಾಕಿಸಬೇಕು. ಬಾನೆಟ್ ಮೇಲೆ ಇಬ್ಬರನ್ನು ಕೂರಿಸಿ ಏರು ಹತ್ತಿಸುವುದು ತೂಕ ಹಾಕಿದ ಹಾಗಲ್ಲ, ಎರಡು ಜೀವ ಪಣಕ್ಕಿಟ್ಟ ಹಾಗೆ.

ಎರಡು ಗಾಲಿ ಟ್ರೇಲರ್ ಮತ್ತು ನಾಲ್ಕು ಗಾಲಿ ಟ್ರೇಲರ್‌ಗೂ ವ್ಯತ್ಯಾಸ ಇದೆ. ಎರಡು ಗಾಲಿಯದ್ದರಲ್ಲಿ ಒಂದಿಷ್ಟು ಭಾರ ಹುಕ್ ಮೇಲೆ ಬೀಳುತ್ತದೆ. ಅದರಿಂದ ಹಿಂದಿನ ಗಾಲಿಗೆ ಹಿಡಿತ ಹೆಚ್ಚಾಗುತ್ತದೆ. ಆದರೆ ಕಬ್ಬನ್ನು ಮುಂದಕ್ಕೆ ಹೆಚ್ಚು ಹೇರಿದರೆ ಅದೇ ಭಾರ ಮುಂದಿನ ಗಾಲಿಯನ್ನು ಹಗುರ ಮಾಡುತ್ತದೆ, ಸ್ಟೇರಿಂಗ್ ತಿರುಗಿಸಿದರೂ ಗಾಡಿ ತಿರುಗುವುದಿಲ್ಲ. ಹಿಂದಕ್ಕೆ ಹೆಚ್ಚು ಹೇರಿದರೆ ಟ್ರೇಲರ್ ಇಂಜಿನ್‌ನ ಹಿಂಭಾಗವನ್ನೇ ಎತ್ತುತ್ತದೆ. ನಾಲ್ಕು ಗಾಲಿ ಟ್ರೇಲರ್ ತನ್ನ ಭಾರ ತಾನೇ ಹೊರುತ್ತದೆ, ಆದರೆ ಹಿಡಿತಕ್ಕೆ ಸಹಾಯ ಮಾಡುವುದಿಲ್ಲ.

ಅಸಲಿ ಪ್ರಶ್ನೆ: ನಿಲ್ಲುತ್ತಾ?

ಬಹುತೇಕ ಟ್ರ್ಯಾಕ್ಟರ್‌ಗಳಲ್ಲಿ ಬ್ರೇಕ್ ಇರುವುದು ಹಿಂದಿನ ಎರಡು ಗಾಲಿಗೆ ಮಾತ್ರ. ಊರಿನ ವರ್ಕ್‌ಶಾಪ್‌ಗಳಲ್ಲಿ ತಯಾರಾಗುವ ಎಷ್ಟೋ ಟ್ರೇಲರ್‌ಗಳಿಗೆ ಬ್ರೇಕೇ ಇರುವುದಿಲ್ಲ. ಅಂದರೆ 14 ಟನ್ ಆಗಲಿ, 26 ಟನ್ ಆಗಲಿ, ನಿಲ್ಲಿಸಬೇಕಾದದ್ದು ಆ ಎರಡು ಗಾಲಿ. ಅವುಗಳ ಹಿಡಿತ ಹೆಚ್ಚೆಂದರೆ ಅದೇ 900 ಕೆಜಿ.

ಇದೇ ಲೆಕ್ಕದಲ್ಲಿ ಬ್ರೇಕ್ ಒತ್ತಿದ ಮೇಲೆ ಗಾಡಿ ಎಷ್ಟು ದೂರ ಹೋಗಿ ನಿಲ್ಲುತ್ತದೆ ನೋಡಿ:

- ಒಂದು ಟ್ರೇಲರ್, ಸಮತಟ್ಟು ರಸ್ತೆ, ಗಂಟೆಗೆ 20 ಕಿ.ಮೀ ವೇಗ: ಸುಮಾರು 19 ಮೀಟರ್
- ಒಂದು ಟ್ರೇಲರ್, ಸಮತಟ್ಟು ರಸ್ತೆ, 30 ಕಿ.ಮೀ ವೇಗ: ಸುಮಾರು 43 ಮೀಟರ್
- ಒಂದು ಟ್ರೇಲರ್, ಮೇಲೆ ಹೇಳಿದಷ್ಟೇ ಇಳಿಜಾರು, 20 ಕಿ.ಮೀ ವೇಗ: ಸುಮಾರು 49 ಮೀಟರ್
- ಒಂದು ಟ್ರೇಲರ್, ಅದೇ ಇಳಿಜಾರು, 30 ಕಿ.ಮೀ ವೇಗ: ಸುಮಾರು 110 ಮೀಟರ್
- ಎರಡು ಟ್ರೇಲರ್, ಅದೇ ಇಳಿಜಾರು, 20 ಕಿ.ಮೀ ವೇಗ: ಅರ್ಧ ಕಿಲೋಮೀಟರ್‌ಗಿಂತ ಹೆಚ್ಚು

ಕೊನೆಯ ಸಾಲನ್ನು ಇನ್ನೊಮ್ಮೆ ಓದಿ. ಅರ್ಧ ಕಿಲೋಮೀಟರ್ ಅಂದರೆ ನಿಲ್ಲುವುದೇ ಇಲ್ಲ ಅಂತಲೇ ಅರ್ಥ. ಇಳಿಜಾರು ಮುಗಿದ ಮೇಲೆ ತಾನಾಗಿಯೇ ನಿಲ್ಲಬೇಕು, ಇಲ್ಲವೇ ಯಾವುದಕ್ಕಾದರೂ ಗುದ್ದಿ ನಿಲ್ಲಬೇಕು. ಇಳಿಜಾರಿನ ಕೊನೆಯಲ್ಲಿ ಸಂತೆ ಇರಬಹುದು, ಶಾಲೆ ಇರಬಹುದು, ಬಸ್ ಸ್ಟಾಪ್ ಇರಬಹುದು.

ಇಲ್ಲಿ 55 ಎಚ್‌ಪಿ, 60 ಎಚ್‌ಪಿ ಯಾವುದೂ ಕೆಲಸಕ್ಕೆ ಬರುವುದಿಲ್ಲ. ಕೆಲಸಕ್ಕೆ ಬರುವುದು ಒಂದೇ: ಟ್ರೇಲರ್‌ಗೂ ಬ್ರೇಕ್. ಇಂಜಿನ್‌ನಿಂದ ಗಾಳಿ ಅಥವಾ ಆಯಿಲ್ ಒತ್ತಡದಿಂದ ಟ್ರೇಲರ್ ಗಾಲಿಗಳ ಬ್ರೇಕ್ ಹಿಡಿಯುವ ವ್ಯವಸ್ಥೆ ಮಾಡಿಸಬಹುದು. ಆ ಬ್ರೇಕ್ ಟ್ರೇಲರ್ ತೂಕದ ನೂರಕ್ಕೆ 30ರಷ್ಟು ತಡೆ ಕೊಟ್ಟರೂ ಸಾಕು, ಅದೇ ಇಳಿಜಾರಿನಲ್ಲಿ 20 ಕಿ.ಮೀ ವೇಗದ ಗಾಡಿ 49 ಮೀಟರ್ ಬದಲು 6 ಮೀಟರ್ ಒಳಗೆ ನಿಲ್ಲುತ್ತದೆ.

ಹೊಸ ಟ್ರ್ಯಾಕ್ಟರ್‌ಗೆ ಎರಡು ಲಕ್ಷ ಹೆಚ್ಚಿಗೆ ಹಾಕುವವರು ಮೊದಲು ಟ್ರೇಲರ್ ಬ್ರೇಕ್‌ಗೆ ಎಷ್ಟು ಖರ್ಚಾಗುತ್ತದೆ ಅಂತ ವಿಚಾರಿಸುವುದು ಜಾಣತನ.

ಟ್ರ್ಯಾಕ್ಟರ್‌ನ ಬ್ರೇಕ್‌ನಲ್ಲೂ ಎರಡು ಥರ ಇದೆ. ಹಳೆಯದು ಡ್ರೈ ಡಿಸ್ಕ್, ಈಗಿನದು ಆಯಿಲ್‌ನಲ್ಲಿ ಮುಳುಗಿರುವ ಡಿಸ್ಕ್, ಅದನ್ನೇ ಆಯಿಲ್ ಬ್ರೇಕ್ ಅಂತಾರೆ. ಆಯಿಲ್ ಬ್ರೇಕ್‌ಗೆ ಕೆಸರು, ಧೂಳು ತಾಗುವುದಿಲ್ಲ, ಬೇಗ ಬಿಸಿಯೇರುವುದಿಲ್ಲ, ಬಾಳಿಕೆಯೂ ಹೆಚ್ಚು. ಟ್ರೇಲರ್ ಕೆಲಸಕ್ಕೆ ಇದೇ ಇರಲಿ.

ಎರಡು ಪೆಡಲ್, ಒಂದು ಲಾಕ್

ಟ್ರ್ಯಾಕ್ಟರ್‌ಗೆ ಎಡ ಗಾಲಿಗೊಂದು, ಬಲ ಗಾಲಿಗೊಂದು ಅಂತ ಎರಡು ಬ್ರೇಕ್ ಪೆಡಲ್ ಇರುತ್ತವೆ. ಹೊಲದಲ್ಲಿ ಸಾಲು ಮುಗಿದಾಗ ಸಣ್ಣ ಜಾಗದಲ್ಲಿ ತಿರುಗಿಸಲು ಒಂದೇ ಪೆಡಲ್ ಒತ್ತುತ್ತಾರೆ. ರಸ್ತೆಗೆ ಬಂದ ಮೇಲೆ ಎರಡನ್ನೂ ಜೋಡಿಸುವ ಲಾಕ್ ಹಾಕಲೇಬೇಕು. ಮರೆತು ಒಂದೇ ಪೆಡಲ್ ಒತ್ತಿದರೆ ಒಂದು ಗಾಲಿ ಮಾತ್ರ ಹಿಡಿದು ಇಂಜಿನ್ ಗಕ್ಕನೆ ಅಡ್ಡ ತಿರುಗುತ್ತದೆ, ಹಿಂದಿನ ಟ್ರೇಲರ್ ಅದನ್ನು ತಳ್ಳಿ ಮಗುಚುತ್ತದೆ. ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್‌ಗಳಲ್ಲಿ ಈ ಲಾಕ್ ಮುರಿದುಹೋಗಿರುವುದು ಸಾಮಾನ್ಯ. ನೋಡದೆ ತಗೋಬೇಡಿ.

ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಬಿಡುವ ಚಟ ಇನ್ನೊಂದು. ಇಂಜಿನ್ ಗೇರ್‌ನಲ್ಲಿದ್ದರೆ ಅದೇ ಒಂದು ಬ್ರೇಕ್. ನ್ಯೂಟ್ರಲ್ ಮಾಡಿದರೆ ಆ ಬ್ರೇಕ್ ಹೋಯಿತು. ವೇಗ ಏರಿದ ಮೇಲೆ ಮತ್ತೆ ಗೇರ್ ಬೀಳುವುದಿಲ್ಲ. ಏರು ಹತ್ತಿದ ಗೇರ್‌ನಲ್ಲೇ ಇಳಿಯಬೇಕು ಅನ್ನುವುದು ಹಳೆಯ ಡ್ರೈವರ್‌ಗಳ ಲೆಕ್ಕ. ಅದು ಇಂದಿಗೂ ಸರಿ.

50 ಎಚ್‌ಪಿ ಗೆರೆ ದಾಟಿದರೆ ಏನಾಗುತ್ತೆ?

ಖರೀದಿದಾರರಿಗೆ ಡೀಲರ್‌ಗಳು ಅಷ್ಟಾಗಿ ಬಿಡಿಸಿ ಹೇಳದ ಸಂಗತಿ ಇದು. 2023ರ ಜನವರಿ 1ರಿಂದ 50 ಎಚ್‌ಪಿಗಿಂತ ಮೇಲಿನ ಹೊಸ ಟ್ರ್ಯಾಕ್ಟರ್‌ಗಳಿಗೆ ಟ್ರೆಮ್-4 ಎಂಬ ಹೊಗೆ ನಿಯಮ ಜಾರಿಯಲ್ಲಿದೆ. ಅದಕ್ಕೆ ಹೊಂದಿಸಲು ಕಂಪನಿಗಳು ಕಾರುಗಳಲ್ಲಿರುವಂಥ ಸಿಆರ್‌ಡಿಐ ಇಂಜಿನ್ ತಂದಿವೆ. ಡೀಸೆಲ್ ಪಂಪ್, ಇಂಜೆಕ್ಟರ್ ಎಲ್ಲ ಕಂಪ್ಯೂಟರ್ ಹೇಳಿದಂತೆ ನಡೆಯುತ್ತವೆ.

ಇದರಿಂದ ಜಗ್ಗುವ ಬಲ ಚೆನ್ನಾಗಿರುತ್ತದೆ, ಹೊಗೆ ಕಡಿಮೆ. ಆದರೆ ಬೆಲೆ ಹೆಚ್ಚು. ಡೀಸೆಲ್ ಶುದ್ಧ ಇರಲೇಬೇಕು, ಕ್ಯಾನ್‌ನಲ್ಲಿ ತಂದು ಬಟ್ಟೆಯಲ್ಲಿ ಸೋಸಿ ಹಾಕಿದರೆ ನಡೆಯುವುದಿಲ್ಲ. ಕೆಟ್ಟರೆ ಊರಿನ ಮೇಸ್ತ್ರಿ ಸ್ಪ್ಯಾನರ್ ಹಿಡಿದು ಸರಿ ಮಾಡಲಾಗದು, ಸ್ಕ್ಯಾನರ್ ಇರುವ ಸರ್ವಿಸ್ ಸೆಂಟರ್ ಬೇಕು. ಸೀಸನ್ ಮಧ್ಯೆ ಮೂರು ದಿನ ಗಾಡಿ ನಿಂತರೆ ಕಟಾವು ಗ್ಯಾಂಗ್ ಕೂತಿರುತ್ತದೆ, ಕಡಿದ ಕಬ್ಬು ಒಣಗಿ ತೂಕ ಕಳೆದುಕೊಳ್ಳುತ್ತದೆ.

ಆದ್ದರಿಂದ 50ರ ಮೇಲೆ ಹೋಗುವ ಮುನ್ನ ಆ ಕಂಪನಿಯ ಸರ್ವಿಸ್ ಸೆಂಟರ್ ಎಷ್ಟು ಕಿಲೋಮೀಟರ್ ದೂರ ಇದೆ, ಮೆಕ್ಯಾನಿಕ್ ಹೊಲಕ್ಕೆ ಬರುತ್ತಾನಾ ಅಂತ ಕೇಳಿ. ಒಂದೇ ಟ್ರೇಲರ್ ಎಳೆಯುವವರಿಗೆ 50ರ ಒಳಗಿನ, ಭಾರದ ತೂಕದ ಟ್ರ್ಯಾಕ್ಟರ್ ಸಾಕಾಗುತ್ತದೆ.

ಸಾಲದ ಲೆಕ್ಕ

2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಕೊಟೇಶನ್‌ನಲ್ಲಿ ಎಷ್ಟು ಹಾಕಿದ್ದಾರೆ ಅಂತ ನೋಡಿಕೊಳ್ಳಿ.

8 ಲಕ್ಷ ರೂಪಾಯಿ ಸಾಲ, ಶೇ 12 ಬಡ್ಡಿ, ಐದು ವರ್ಷ ಅಂತ ಹಿಡಿದರೆ ತಿಂಗಳ ಕಂತು ಸುಮಾರು 17,800 ರೂಪಾಯಿ. ದೊಡ್ಡ ಮಾಡೆಲ್ ಬೇಕು ಅಂತ ಇನ್ನೂ 2 ಲಕ್ಷ ಸೇರಿಸಿದರೆ ಕಂತು 4,450 ರೂಪಾಯಿ ಏರುತ್ತದೆ. ಐದು ವರ್ಷಕ್ಕೆ ಆ 2 ಲಕ್ಷಕ್ಕೆ ಕಟ್ಟಿದ್ದು 2.67 ಲಕ್ಷ.

ಕಬ್ಬಿನ ಬಾಡಿಗೆ ಬರುವುದು ವರ್ಷಕ್ಕೆ ನಾಲ್ಕೈದು ತಿಂಗಳು. ಕಂತು ಬರುವುದು ಹನ್ನೆರಡು ತಿಂಗಳು. ಉಳಿದ ಏಳೆಂಟು ತಿಂಗಳು ಆ ಇಂಜಿನ್‌ಗೆ ನೇಗಿಲು, ರೋಟವೇಟರ್ ಕೆಲಸ ಸಿಗುತ್ತದಾ ಅಂತ ಮೊದಲು ಯೋಚಿಸಬೇಕು. ಕಂತು ತುಂಬಲು ಟ್ರೇಲರ್ ಮೇಲೆ ಇನ್ನೆರಡು ಟನ್ ಹೇರುವುದು ಇಲ್ಲಿಂದಲೇ ಶುರುವಾಗುತ್ತದೆ. ಓವರ್‌ಲೋಡ್ ಅನ್ನುವುದು ಹಲವರಿಗೆ ದುರಾಸೆಯಲ್ಲ, ಸಾಲದ ಒತ್ತಡ.

ಆದರೆ ದಂಡ ಅದನ್ನು ಕೇಳುವುದಿಲ್ಲ. ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ ಪ್ರಕಾರ ಮಿತಿ ಮೀರಿ ಹೇರಿದರೆ 20,000 ರೂಪಾಯಿ, ಮೇಲಿಂದ ಹೆಚ್ಚುವರಿ ಪ್ರತಿ ಟನ್‌ಗೆ 2,000 ರೂಪಾಯಿ ದಂಡ. ಹೆಚ್ಚಿನ ಮಾಲು ಇಳಿಸುವ ಖರ್ಚೂ ಗಾಡಿಯವರದ್ದೇ. ಮಿತಿ ಎಷ್ಟು ಅನ್ನುವುದು ಟ್ರೇಲರ್‌ನ ಆರ್‌ಸಿಯಲ್ಲಿ ಬರೆದಿರುತ್ತದೆ.

ವಿಮೆ: ಅಂಗಡಿಯವರೂ ಓದಬೇಕಾದ ಭಾಗ

ಟ್ರೇಲರ್ ಕೂಡ ಕಾನೂನಿನ ಕಣ್ಣಲ್ಲಿ ಒಂದು ವಾಹನ. ಅದಕ್ಕೆ ಬೇರೆ ನೋಂದಣಿ ಬೇಕು, ವಿಮೆಯಲ್ಲೂ ಅದರ ನಂಬರ್ ಇರಬೇಕು. ಇಂಜಿನ್‌ಗೆ ಮಾತ್ರ ವಿಮೆ ಮಾಡಿಸಿ ಟ್ರೇಲರ್ ಬಿಟ್ಟರೆ, ಟ್ರೇಲರ್ ಬಡಿದು ಯಾರಿಗಾದರೂ ಏನಾದರೂ ಆದಾಗ ವಿಮಾ ಕಂಪನಿ ತಕರಾರು ತೆಗೆಯುತ್ತದೆ. ಪರಿಹಾರ ಮಾಲೀಕನ ಹೊಲ, ಮನೆ ಮೇಲೆ ಬರುತ್ತದೆ.

ಟ್ರ್ಯಾಕ್ಟರ್‌ಗೆ ಇರುವುದು ಒಂದೇ ಸೀಟು, ಡ್ರೈವರ್‌ದು. ಮಡ್‌ಗಾರ್ಡ್ ಮೇಲೆ ಕೂತವರು, ಕಬ್ಬಿನ ಹೊರೆಯ ಮೇಲೆ ಮಲಗಿ ಬರುವ ಕಟಾವು ಕೂಲಿಯವರು, ಅವರ ಮಕ್ಕಳು, ಇವರಿಗೆ ವಿಮೆಯ ರಕ್ಷಣೆ ಸಿಗುವುದು ಬಹಳ ಕಷ್ಟ.

ಇನ್ನೊಂದು ಅಂಶ. ಕೃಷಿ ಕೆಲಸಕ್ಕೆ ಅಂತ ನೋಂದಣಿ ಆದ ಟ್ರ್ಯಾಕ್ಟರ್‌ನಲ್ಲಿ ಬಾಡಿಗೆಗೆ ಸಿಮೆಂಟ್, ಇಟ್ಟಿಗೆ, ಜಲ್ಲಿ ಸಾಗಿಸಿದರೆ ಅದು ವ್ಯಾಪಾರದ ಬಳಕೆ ಆಗುತ್ತದೆ. ಅದಕ್ಕೆ ಬೇರೆ ನೋಂದಣಿ, ತೆರಿಗೆ, ಫಿಟ್‌ನೆಸ್ ಬೇಕು. ಆ ಹೊತ್ತಲ್ಲಿ ಅಪಘಾತ ಆದರೆ ವಿಮೆ ಕೈಕೊಡಬಹುದು. ಹಾರ್ಡ್‌ವೇರ್ ಅಂಗಡಿ, ಗೊಬ್ಬರದ ಅಂಗಡಿಯವರು ಬಾಡಿಗೆ ಟ್ರ್ಯಾಕ್ಟರ್ ಕರೆಯುವಾಗ ಆರ್‌ಸಿ ಮತ್ತು ವಿಮೆಯ ಫೋಟೋ ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಳ್ಳುವುದು ಒಳ್ಳೆಯದು.

ಡ್ರೈವರ್‌ಗೆ ಎಲ್‌ಎಂವಿ ಲೈಸೆನ್ಸ್ ಇರಲೇಬೇಕು. ಖಾಲಿ ತೂಕ 7,500 ಕೆಜಿ ಮೀರದ ಟ್ರ್ಯಾಕ್ಟರ್ ಕಾಯ್ದೆಯ ಪ್ರಕಾರ ಲಘು ವಾಹನದ ವ್ಯಾಪ್ತಿಗೇ ಬರುತ್ತದೆ. ‘ಹುಡುಗ ಚಲೋ ಹೊಡಿತಾನ’ ಅನ್ನುವುದು ಲೈಸೆನ್ಸ್ ಅಲ್ಲ.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರಿಗೆ

ಕಬ್ಬು ಎಳೆದ ಇಂಜಿನ್ ಮತ್ತು ಹೊಲ ಮಾತ್ರ ಮಾಡಿದ ಇಂಜಿನ್ ಒಂದೇ ವಯಸ್ಸಾದರೂ ಒಂದೇ ಅಲ್ಲ. ಗೇರ್ ಬಾಕ್ಸ್ ಕವಚದಲ್ಲಿ ಬಿರುಕು, ವೆಲ್ಡಿಂಗ್ ಗುರುತು ಇದೆಯಾ ನೋಡಿ. ಹಿಂದಿನ ಎಕ್ಸೆಲ್ ಹತ್ತಿರ ಆಯಿಲ್ ಸೋರಿದ ಕಲೆ ಇದ್ದರೆ ಸೀಲ್ ಹೋಗಿದೆ, ಬ್ರೇಕ್‌ಗೂ ಅದು ತಾಗಿರಬಹುದು. ಹುಕ್‌ನ ತೂತು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಬಹಳ ಭಾರ ಎಳೆದಿದೆ ಅಂತ ತಿಳಿಯಿರಿ. ಖಾಲಿ ಗಾಡಿ ಓಡಿಸಿ ನೋಡಬೇಡಿ, ತುಂಬಿದ ಟ್ರೇಲರ್ ಕಟ್ಟಿ ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿ ನೋಡಿ. ಕ್ಲಚ್ ಸುಟ್ಟ ವಾಸನೆ ಬಂದರೆ ಬೆಲೆ ಇಳಿಸಿ, ಇಲ್ಲವೇ ಬಿಟ್ಟುಬಿಡಿ. ಆರ್‌ಸಿಯಲ್ಲಿ ಬ್ಯಾಂಕ್ ಅಥವಾ ಫೈನಾನ್ಸ್ ಹೆಸರಿದ್ದರೆ ಸಾಲ ತೀರಿದ ಎನ್‌ಒಸಿ ಕೈಗೆ ಬರುವವರೆಗೂ ಪೂರ್ತಿ ಹಣ ಕೊಡಬೇಡಿ.

ರಸ್ತೆಯಲ್ಲಿ ಹೋಗುವ ಉಳಿದವರ ಜೀವ

ಕಬ್ಬು ಟ್ರೇಲರ್‌ನ ಅಗಲ ಮೀರಿ ಎರಡೂ ಕಡೆ ಚಾಚಿರುತ್ತದೆ. ಹಿಂದಿನ ಲೈಟ್ ಇದ್ದರೂ ಹೊರೆಯಲ್ಲಿ ಮುಚ್ಚಿಹೋಗುತ್ತದೆ. ಪಂಕ್ಚರ್ ಆದರೆ ಗಾಲಿ ಕೆಳಗೆ ಕಲ್ಲಿಟ್ಟು ರಸ್ತೆಯಲ್ಲೇ ಬಿಟ್ಟು ಹೋಗುತ್ತಾರೆ. ಗಾಡಿ ಹೋದ ಮೇಲೂ ಆ ಕಲ್ಲು ಅಲ್ಲೇ ಇರುತ್ತದೆ. ರಾತ್ರಿ ಬೈಕ್‌ನಲ್ಲಿ ಬರುವವರಿಗೆ ಎದುರಿನ ಗಾಡಿಯ ಬೆಳಕಿನಲ್ಲಿ ಎರಡೂ ಕಾಣುವುದಿಲ್ಲ.

ಟ್ರೇಲರ್‌ನ ಹಿಂದೆ ಮತ್ತು ಎರಡೂ ಬದಿಗೆ ರಿಫ್ಲೆಕ್ಟರ್ ಟೇಪ್ ಹಚ್ಚಿಸಲು ಆಗುವ ಖರ್ಚು ಒಂದು ಟ್ಯಾಂಕ್ ಡೀಸೆಲ್‌ಗಿಂತ ಕಡಿಮೆ. ಹೊರೆಯ ತುದಿಗೆ ನೇತುಹಾಕುವ ರಿಫ್ಲೆಕ್ಟರ್ ಬೋರ್ಡ್ ಒಂದಿದ್ದರೆ ಇನ್ನೂ ಒಳ್ಳೆಯದು.

ಶೋರೂಂಗೆ ಹೋಗುವಾಗ ಈ ಪಟ್ಟಿ ಜೇಬಿನಲ್ಲಿರಲಿ

- ಟ್ರ್ಯಾಕ್ಟರ್‌ನ ತೂಕ ಎಷ್ಟು? ಮುಂದಿನ ತೂಕದ ಪ್ಲೇಟ್ ಸೇರಿ ಹೇಳ್ತಿದ್ದಾರಾ, ಬಿಟ್ಟು ಹೇಳ್ತಿದ್ದಾರಾ?
- ಟೆಸ್ಟ್ ರಿಪೋರ್ಟ್‌ನಲ್ಲಿ ಡ್ರಾಬಾರ್ ಎಳೆತ ಎಷ್ಟು ಕೆಜಿ?
- ಹೆಚ್ಚಿನ ಟಾರ್ಕ್ ಎಷ್ಟು ಆರ್‌ಪಿಎಂನಲ್ಲಿ ಸಿಗುತ್ತದೆ?
- ಹಿಂದಿನ ಟೈರ್ ಸೈಜ್ ಎಷ್ಟು? ನೀರು ತುಂಬಿಸಿ ಕೊಡ್ತಾರಾ?
- ಆಯಿಲ್ ಬ್ರೇಕ್ ಇದೆಯಾ? ಪೆಡಲ್ ಲಾಕ್ ಗಟ್ಟಿ ಇದೆಯಾ?
- ಟ್ರೇಲರ್ ಬ್ರೇಕ್‌ಗೆ ಲೈನ್ ಕೊಡುವ ವ್ಯವಸ್ಥೆ ಇದೆಯಾ?
- ಹುಕ್ ಕಂಪನಿಯದ್ದಾ? ಪಿನ್‌ಗೆ ಲಾಕ್ ಇದೆಯಾ?
- ಸರ್ವಿಸ್ ಸೆಂಟರ್ ಎಷ್ಟು ದೂರ?
- ವಿಮೆಯಲ್ಲಿ ಟ್ರೇಲರ್ ನಂಬರ್ ಸೇರಿಸ್ತಾರಾ?

ಈ ಒಂಬತ್ತಕ್ಕೂ ಡೀಲರ್ ಉತ್ತರ ಕೊಟ್ಟ ಮೇಲೆ ಎಚ್‌ಪಿ ಕೇಳಿ. ಅಷ್ಟೊತ್ತಿಗೆ ಅದು ಅಷ್ಟೇನೂ ದೊಡ್ಡ ಪ್ರಶ್ನೆಯಾಗಿ ಉಳಿದಿರುವುದಿಲ್ಲ.